ಸ್ನಾರ್ಕೆಲಿಂಗ್: ಇಷ್ಟದ ಜಾಗ, ನಿರಾಸೆಯ ಜಾಗ. ಹೆಸರಷ್ಟೇ ಸಾಲದು, ತಿಂಗಳೂ ಗಾಳಿಯೂ ಬೇಕು

ಉಬ್ಬರಇಳಿತ

ಮಾಸ್ಕ್ ತೊಟ್ಟು, ಕೊಳವೆಯಲ್ಲಿ ಉಸಿರಾಡುತ್ತ, ನೀರ ಮೇಲೆ ತೇಲಿ ಕಡಲತಳ ನೋಡುವುದೇ ಸ್ನಾರ್ಕೆಲಿಂಗ್. ಅದರ ಜಾಗಗಳ ಪಟ್ಟಿಗೇನೂ ಬರವಿಲ್ಲ. ಬರ ಇರುವುದು ಉಪಯೋಗಕ್ಕೆ ಬರುವ ವಿವರಕ್ಕೆ. ಹವಾಯಿಯ ಓಅಹು ದ್ವೀಪದ ಉತ್ತರ ತೀರದಲ್ಲಿರುವ ಶಾರ್ಕ್ಸ್ ಕೋವ್ ತಗೊಳ್ಳಿ. ಬೇಸಿಗೆಯಲ್ಲಿ ಕೆರೆಯ ಹಾಗೆ ಮಲಗಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ಬಂಡೆಗಳ ಮೇಲೆ ಎರಡಾಳೆತ್ತರದ ಅಲೆ ಬಂದು ಅಪ್ಪಳಿಸುತ್ತದೆ. ಒಬ್ಬರು ಸ್ವರ್ಗ ಅಂತಾರೆ, ಇನ್ನೊಬ್ಬರು ಜೀವಕ್ಕೆ ಸಂಚಕಾರ ಅಂತಾರೆ. ಇಬ್ಬರದೂ ಸುಳ್ಳಲ್ಲ, ತಿಂಗಳು ಬೇರೆ ಅಷ್ಟೆ.

ಹಾಗಾಗಿ ಈ ಚರ್ಚೆಗೆ ಬರೆಯುವವರಲ್ಲಿ ಒಂದೇ ಕೋರಿಕೆ: ಜಾಗದ ಹೆಸರಿನ ಜೊತೆ ಯಾವ ತಿಂಗಳು, ಯಾವ ತುದಿಯಿಂದ ಇಳಿಯಬೇಕು, ಯಾವ ಗಾಳಿಗೆ ಕೆಡುತ್ತದೆ ಎಂದೂ ಬರೆಯಿರಿ.

ಮೊದಲ ಹೆಸರು ನನ್ನದೇ ಇರಲಿ: ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ಹವಳದಿಬ್ಬದ ಟರ್ಕಾಯ್ಸ್ ಬೇ. ಹವಳ ದಡಕ್ಕೇ ಅಂಟಿಕೊಂಡಿದೆ, ದೋಣಿ ಬೇಡ. ಮರಳಿನ ಮೇಲೆ ದಕ್ಷಿಣಕ್ಕೆ ಸುಮಾರು 300 ಮೀಟರ್ ನಡೆದು, ಅಲ್ಲಿ ಇಳಿದು 40-50 ಮೀಟರ್ ಒಳಕ್ಕೆ ಈಜಿ ಸುಮ್ಮನೆ ತೇಲಿದರಾಯಿತು, ಸೆಳೆತವೇ ಉತ್ತರಕ್ಕೆ ಒಯ್ಯುತ್ತದೆ. ಮರಳಿನ ಮೂಲೆ ಬರುವ ಮುಂಚೆ ದಡ ಹತ್ತಲೇಬೇಕು. ದಿಬ್ಬದ ನೆತ್ತಿ ದಾಟಿ ಒಳಗೆ ಬಿದ್ದ ಅಲೆಯ ನೀರೆಲ್ಲ ಆ ಮೂಲೆಯಾಚೆಯ ಸಂದಿನಿಂದಲೇ ಕಡಲಿಗೆ ಮರಳುತ್ತದೆ. ಹೊರಗೆ ಅಲೆ ದೊಡ್ಡದಿದ್ದ ದಿನ ಒಳಗೆ ಬೀಳುವ ನೀರೂ ಹೆಚ್ಚು, ಹೊರಹೋಗುವ ರಭಸವೂ ಹೆಚ್ಚು. ದಡದಲ್ಲಿ ನಿಂತು ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ಗಿಳಿಮೀನು

ನಿಂಗಲೂ ಬಗ್ಗೆ ಒಂದು ಸೇರಿಸಬೇಕು. 2025ರ ಆರಂಭದ ಬಿಸಿನೀರಿನ ಅಲೆಗೆ ಅಲ್ಲಿನ ಲಗೂನ್ (ದಡಕ್ಕೂ ದಿಬ್ಬಕ್ಕೂ ನಡುವಿನ ಆಳವಿಲ್ಲದ ನೀರು) ಹವಳ ಕೆಟ್ಟದಾಗಿ ಬಿಳುಚಿತು. ಅದಕ್ಕೆ ಮುಂಚಿನ ಫೋಟೊ ನೋಡಿ ಹೊರಡುವವರಿಗೆ ನಿರಾಸೆ ಖಂಡಿತ. ಮೀನು, ಆಮೆ, ತೊರಕೆಗಳ ಮಾತು ಬೇರೆ.

ನನ್ನ ನಿರಾಸೆಯ ಪಟ್ಟಿಯ ಮೊದಲ ಸಾಲಲ್ಲಿ ಓಅಹುವಿನದೇ ಹನೌಮಾ ಬೇ ಇದೆ. ದೂರದ ಬೆಟ್ಟ ನುಣ್ಣಗೆ. ಮೇಲಿನಿಂದ ನೋಡಲು ಜ್ವಾಲಾಮುಖಿಯ ಬಟ್ಟಲು, ಕೆಳಗೆ ಸೊಂಟದ ನೀರಲ್ಲಿ ಜಾತ್ರೆ. ಕಾಲಿಗೆ ಸಿಕ್ಕ ಮರಳೆಲ್ಲ ಎದ್ದು ನೀರು ಮಜ್ಜಿಗೆಯಾಗಿರುತ್ತದೆ.

ಸೀಸದಪಟ್ಟಿ

ಹನೌಮಾಕ್ಕೆ ಇದು ಅನ್ಯಾಯ. 1967ರಿಂದ ಅದು ರಕ್ಷಿತ ತಾಣ. ಈಗ ದಿನದ ಜನಸಂಖ್ಯೆಗೆ ಮಿತಿ ಇದೆ, ಸೋಮವಾರ, ಮಂಗಳವಾರ ಪೂರ್ತಿ ಮುಚ್ಚಿರುತ್ತದೆ. ಅದಕ್ಕೇ ಬುಧವಾರ ಬೆಳಗಿನ ಮೊದಲ ಸರತಿ ಹಿಡಿಯಬೇಕು. ಎರಡು ದಿನ ಯಾರೂ ತುಳಿಯದ ಮರಳು ತಳದಲ್ಲಿ ಕೂತಿರುತ್ತದೆ, ನೀರು ತಿಳಿಯಾಗಿರುತ್ತದೆ. ಮಧ್ಯಾಹ್ನ 12ಕ್ಕೆ ಹೋಗಿ ಮಜ್ಜಿಗೆ ಅಂದರೆ ತಪ್ಪು ಕೊಲ್ಲಿಯದಲ್ಲ.

ಒಳದಿಬ್ಬ ಮಕ್ಕಳಿಗೆ, ಹೊಸಬರಿಗೆ. ಹೊರದಿಬ್ಬದ ಹವಳ ಚೆನ್ನಾಗಿದೆ, ಆದರೆ ಅಲ್ಲಿಗೆ ಹೋಗಲು ದಾಟಬೇಕಾದ ಸಂದುಗಳಲ್ಲಿ ನೀರು ಹೊರಕ್ಕೆ ಎಳೆಯುತ್ತದೆ. ಹೋಗುವಾಗ ಸಲೀಸು ಅನ್ನಿಸಿದರೆ ಬರುವಾಗ ಅಷ್ಟೇ ಕಷ್ಟ ಅಂತ ಅರ್ಥ. ಕಾವಲಿನವರು ಬೇಡ ಎಂದ ದಿನ ಬೇಡ.

ನೀಲಿಗೆರೆ

ಮಾಲ್ಡೀವ್ಸ್ ಬಗ್ಗೆ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಅತಿ ಹೆಚ್ಚು ನಿರಾಸೆ ಹುಟ್ಟುವುದೂ ಅಲ್ಲೇ, ಅದನ್ನು ತಪ್ಪಿಸುವುದು ಅತಿ ಸುಲಭವೂ ಅಲ್ಲೇ.

ದ್ವೀಪ ಎಷ್ಟು ಸುಂದರ ಎಂಬುದು ಮುಖ್ಯವಲ್ಲ. ದಡದಿಂದ ದಿಬ್ಬದ ಅಂಚು, ಅಂದರೆ ನೀರು ಒಮ್ಮೆಗೇ ಆಳವಾಗುವ ಗೆರೆ, ಎಷ್ಟು ದೂರ ಎಂಬುದೇ ಮುಖ್ಯ. ಉಪಗ್ರಹ ಚಿತ್ರ ತೆರೆಯಿರಿ. ದ್ವೀಪದ ಸುತ್ತ ತಿಳಿ ಹಸಿರು-ನೀಲಿ ಪಟ್ಟಿ ಕಾಣುತ್ತದಲ್ಲ, ಅದು ಲಗೂನ್: ಬರೀ ಮರಳು, ಮೀನು ಕಡಿಮೆ. ಅದು ಮುಗಿದು ಕಡುನೀಲಿ ಶುರುವಾಗುವಲ್ಲಿ ಕಂದುಬಣ್ಣದ ಅಂಚು ಕಂಡರೆ ಅದೇ ದಿಬ್ಬ. ಅಳತೆಪಟ್ಟಿ ಇಟ್ಟು ನೋಡಿ. 50 ಮೀಟರ್ ಒಳಗಿದ್ದರೆ ದಿನಕ್ಕೆ ಮೂರು ಸಲ ಇಳಿಯಬಹುದು. 200 ಮೀಟರ್ ದಾಟಿದರೆ ಪ್ರತಿ ಸಲವೂ ದೋಣಿ ಬೇಕು. ಪ್ರಚಾರದ ಚಿತ್ರಗಳಲ್ಲಿ ಚಂದ ಕಾಣುವ ವಿಶಾಲ ಲಗೂನ್ ಸ್ನಾರ್ಕೆಲಿಂಗ್‌ಗೆ ಶತ್ರು.

ಅಂಚಿಗೆ ಹೋಗಲು ದಿಬ್ಬದ ನಡುವೆ ದಾರಿ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಇಳಿತದ ಹೊತ್ತಿಗೆ ಅರ್ಧ ಅಡಿ ನೀರಲ್ಲಿ ಹವಳದ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗಬೇಕಾಗುತ್ತದೆ. ಹವಳಕ್ಕೂ ಹಾಳು, ಹೊಟ್ಟೆಗೂ ಹಾಳು.

ಇನ್ನು ಋತು. ಡಿಸೆಂಬರ್-ಏಪ್ರಿಲ್‌ನಲ್ಲಿ ಈಶಾನ್ಯ ಗಾಳಿ. ಸೆಳೆತ ಪೂರ್ವದಿಂದ ಪಶ್ಚಿಮಕ್ಕೆ, ಪೂರ್ವದ ಅಂಚಿನಲ್ಲಿ ನೀರು ತಿಳಿ. ಮೇ-ಅಕ್ಟೋಬರ್‌ನಲ್ಲಿ ಇದೆಲ್ಲ ತಿರುವುಮುರುವು. ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳು, ಹೋಗಿ ಸೇರುವ ಕಡೆಯಲ್ಲೇ ಮಾಂಟಾ ತೊರಕೆಗಳೂ ಸೇರುತ್ತವೆ.

ಅಂಬಿಗ

ಅದಕ್ಕೆ ಮಾಲ್ಡೀವ್ಸ್‌ನ ಬಾ ಅಟಾಲ್‌ನ (ಉಂಗುರದಂಥ ಹವಳದ್ವೀಪಗಳ ಗುಂಪು) ಹನಿಫಾರು ಬೇ ಒಳ್ಳೆಯ ಉದಾಹರಣೆ. ಅಟಾಲ್‌ನ ಪೂರ್ವ ಅಂಚಿನಲ್ಲಿರುವ ಕೊಲ್ಲಿ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಾಂಟಾಗಳ ಕಾಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರದ ಹೊತ್ತು ನೋಡಿಕೊಳ್ಳಬೇಕು, ಆಗಲೇ ಪ್ಲಾಂಕ್ಟನ್ ಕೊಲ್ಲಿಯೊಳಗೆ ಸಿಕ್ಕಿಬೀಳುವುದು. ಗಾಳಿ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾಗೆ ನಿಷೇಧ, ಸ್ನಾರ್ಕೆಲ್‌ಗೆ ಮಾತ್ರ ಅವಕಾಶ, ಒಂದು ಸರತಿಗೆ 45 ನಿಮಿಷ.

ನಿರಾಸೆಯ ಮಾತು ಇಲ್ಲಿಯೂ ಇದೆ: ನೀರು ಹಸಿರಾಗಿ ಕದಡಿರುತ್ತದೆ. ತಿಳಿನೀರು ಇದ್ದ ದಿನ ಪ್ಲಾಂಕ್ಟನ್ ಇಲ್ಲ, ಮಾಂಟಾವೂ ಇಲ್ಲ. ಎರಡನ್ನೂ ಒಟ್ಟಿಗೆ ಕೇಳಬೇಡಿ. ಮಾಂಟಾಗಳು ಎದುರು ಬಂದಾಗ ಅವುಗಳ ಹಿಂದೆ ಬೀಳದೆ ನಿಂತಲ್ಲೇ ತೇಲುತ್ತಿದ್ದರೆ ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುತ್ತವೆ. ಮುಳುಗಿ ಅಟ್ಟಿಸಿಕೊಂಡು ಹೋದರೆ ಊಟ ಬಿಟ್ಟು ಹೋಗುತ್ತವೆ.

ಹೊಸಬ_ತೇಲು

ಒಂದು ಪ್ರಶ್ನೆ. ಥಾಯ್ಲೆಂಡಿನ ಮಾಯಾ ಬೇ ಹೇಗೆ? ಎಲ್ಲ ಪಟ್ಟಿಯಲ್ಲೂ ಇದೆ.

ಗಿಳಿಮೀನು

ಪಟ್ಟಿಗಳು ಹಳೆಯವು. ಜನದಟ್ಟಣೆಗೆ ಹವಳ ನಾಶವಾಗಿ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು, 2022ರ ಜನವರಿಯಲ್ಲಿ ತೆರೆದರು. ಈಗ ಕೊಲ್ಲಿಯೊಳಗೆ ಈಜುವಂತಿಲ್ಲ, ಮೊಣಕಾಲು ನೀರಲ್ಲಿ ನಿಂತು ನೋಡಿ ಬರಬೇಕು. ಸ್ನಾರ್ಕೆಲ್ ಹೊತ್ತು ಹೋಗುವ ಜಾಗವಲ್ಲ.

ಸೀಸದಪಟ್ಟಿ

ಫಿಲಿಪ್ಪೀನ್ಸ್‌ನ ಸೆಬು ದ್ವೀಪದಲ್ಲಿ ಇಷ್ಟ ಮತ್ತು ನಿರಾಸೆ ಎರಡೂ ಇವೆ.

ನಿರಾಸೆ: ಓಸ್ಲೋಬ್. ತಿಮಿಂಗಿಲ ಶಾರ್ಕ್‌ಗಳಿಗೆ ದೋಣಿಯಿಂದ ಸಣ್ಣ ಸೀಗಡಿ ಹಾಕಿ ಒಂದೇ ಕಡೆ ನಿಲ್ಲಿಸಿಕೊಳ್ಳುತ್ತಾರೆ. ಅಲೆಮಾರಿ ಪ್ರಾಣಿ ತುತ್ತಿಗಾಗಿ ನೆಟ್ಟಗೆ ನಿಂತು ದೋಣಿಗೆ ಬಾಯಿ ಒಡ್ಡುತ್ತದೆ. ದೋಣಿ ಎಂದರೆ ಅನ್ನ ಎಂದು ಕಲಿತ ಮೇಲೆ ಬೇರೆ ಕಡೆ ಪ್ರೊಪೆಲ್ಲರ್ ಏಟು ತಿನ್ನುತ್ತದೆ. ನೋಡಲು ಸಿಗುವುದು ಗ್ಯಾರಂಟಿ, ಆದರೆ ಅದು ಸರ್ಕಸ್. ಅದೇ ಪ್ರಾಣಿಯನ್ನು ಮಾರ್ಚ್ ಮಧ್ಯದಿಂದ ಜುಲೈವರೆಗೆ ನಿಂಗಲೂನಲ್ಲಿ ತಿಂಡಿ ಹಾಕದೆ, ದೂರದ ನಿಯಮ ಪಾಲಿಸಿಕೊಂಡು ನೋಡಬಹುದು.

ಇಷ್ಟ: ಮೊಆಲ್ಬೊಆಲ್‌ನ ಪನಗ್ಸಮಾ ತೀರ. ಬೂತಾಯಿ ಜಾತಿಯ ಮೀನುಗಳ ಲಕ್ಷಗಟ್ಟಲೆ ಹಿಂಡು ವರ್ಷಪೂರ್ತಿ ಅಲ್ಲೇ ಇರುತ್ತದೆ. ದಡದಿಂದ ಕೆಲವೇ ಮೀಟರ್ ಈಜಿದರೆ ದಿಬ್ಬದ ಅಂಚು, ಅಲ್ಲಿಂದ ಕೆಳಗೆ ಗೋಡೆ. ಹಿಂಡು ಇರುವುದು ಆ ಗೋಡೆಯ ಹೊರಗೆ. ದೋಣಿ ಓಡಾಡುವ ಜಾಗವಾದ್ದರಿಂದ ಬಣ್ಣದ ತೇಲುಬುಂಡೆ ಕಟ್ಟಿಕೊಳ್ಳದೆ ಇಳಿಯಬೇಡಿ. ಬೆಳಗ್ಗೆ 7ಕ್ಕೆ ಇಳಿದರೆ ಹಿಂಡು ನಿಮ್ಮದೇ. 10ರ ಮೇಲೆ ನೀರಿನ ತುಂಬ ಕಾಲುಗಳು.

ನೀಲಿಗೆರೆ

ಬಾಲಿಯ ತುಲಂಬೆನ್ ಬರೆಯದೆ ಬಿಡಲಾರೆ. ಲಿಬರ್ಟಿ ಎಂಬ ಅಮೆರಿಕನ್ ಸರಕು ಹಡಗು 1942ರಲ್ಲಿ ಜಪಾನಿ ಟಾರ್ಪಿಡೊ ತಿಂದು ಈ ತೀರಕ್ಕೆ ಬಂದು ಬಿತ್ತು, 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ದಡದಿಂದ ಮೂವತ್ತು-ನಲವತ್ತು ಮೀಟರ್, ಅಷ್ಟೆ. ಮೇಲಿನ ಭಾಗ ಐದು ಮೀಟರ್ ಆಳದ ಆಸುಪಾಸಿನಲ್ಲಿರುವುದರಿಂದ ಸ್ನಾರ್ಕೆಲ್‌ನವರಿಗೂ ಕಾಣುತ್ತದೆ. ಸ್ಕೂಬಾದವರು ಕೆಳಗೆ ಸೇರಿದ ಮೇಲೆ ಗುಳ್ಳೆಗಳ ಪರದೆ ಏಳುತ್ತದೆ, ಹಾಗಾಗಿ 8ರೊಳಗೆ ಮುಗಿಸಿ.

ಕೆಡುವುದು ದಡದಲ್ಲೇ. ಮರಳಿಲ್ಲ, ತೆಂಗಿನಕಾಯಿ ಗಾತ್ರದ ನುಣುಪು ಕರಿಗಲ್ಲು, ಮೇಲೆ ಪಾಚಿ. ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಹಾಕಿಕೊಂಡು ನಡೆದವರು ಬೀಳುತ್ತಾರೆ. ಗಟ್ಟಿ ಅಡಿಯ ನೀರಿನ ಶೂ ಹಾಕಿ, ಫಿನ್ ಕೈಯಲ್ಲಿ ಹಿಡಿದು, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಎದೆಮಟ್ಟಕ್ಕೆ ಹೋಗಿ, ಅಲ್ಲಿ ತೇಲುತ್ತ ಫಿನ್ ಹಾಕಿ. ಶೂ ಹಾಕಿಕೊಂಡೇ ತೊಡುವಂಥ, ಹಿಂದೆ ಪಟ್ಟಿಯಿರುವ ಫಿನ್ ಇದ್ದರೆ ಸರಿ. ಪಾದ ಪೂರ್ತಿ ಮುಚ್ಚುವ ಫಿನ್ ಇದ್ದರೆ ಶೂ ಎಲ್ಲಿ ಬಿಡುವುದು ಎಂದು ಮೊದಲೇ ಯೋಚಿಸಿ.

ಹವಳಗಣ್ಣು

ಕೆಂಪು ಸಮುದ್ರ ಯಾರೂ ಹೇಳಲಿಲ್ಲವಲ್ಲ! ದಡದಿಂದ ಇಳಿಯುವ ಸ್ನಾರ್ಕೆಲಿಂಗ್‌ಗೆ ಇದರ ಸಮ ಬೇರಿಲ್ಲ ಎಂಬುದು ನನ್ನ ಖಚಿತ ಮತ.

ಈಜಿಪ್ಟ್‌ನ ದಹಾಬ್‌ನಲ್ಲಿ ಬೆಲ್ಸ್ ಎಂಬ ಬಿರುಕಿನಿಂದ ಇಳಿದು, ಹವಳದ ಗೋಡೆಯನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ತೇಲಿ ಬ್ಲೂ ಹೋಲ್ ಎಂಬ ಆಳದ ನೀಲಿ ಗುಂಡಿಯ ಒಳಗೆ ಬಂದು ಹತ್ತುವುದು. ಅಲ್ಲಿ ಬಹುಪಾಲು ದಿನ ಉತ್ತರದ ಗಾಳಿ, ಅದು ಬೆನ್ನಿಗೆ ಸಿಗುತ್ತದೆ. ತಿರುಗುಮುರುಗಾಗಿ ಹೊರಟರೆ ಅರ್ಧ ದಾರಿಯಲ್ಲಿ ಕಾಲು ಹಿಡಿದುಕೊಳ್ಳುತ್ತದೆ. ಈಜು ಗಟ್ಟಿ ಇಲ್ಲದವರಿಗೆ ಬೆಲ್ಸ್ ಬೇಡ: ಬಿರುಕಿನಿಂದ ಹೊರಬಿದ್ದರೆ ಕೆಳಗೆ ತಳವಿಲ್ಲದ ನೀಲಿ, ನಡುವೆ ಹತ್ತಲು ಜಾಗವಿಲ್ಲ. ಅವರು ಬ್ಲೂ ಹೋಲ್‌ನ ದಡದಿಂದಲೇ ಇಳಿದು ಅಂಚಿನಗುಂಟ ಈಜಲಿ.

ಹೊಸಬರಿಗೆ ದಕ್ಷಿಣದ ಮರ್ಸಾಗಳು, ಅಂದರೆ ಮರಳು ತಳದ ಕೊಲ್ಲಿಗಳು. ಮರ್ಸಾ ಅಬು ದಬ್ಬಾಬ್‌ನ ನಡುವೆ ಕಡಲಹುಲ್ಲು, ಅದನ್ನು ಮೇಯಲು ಬರುವ ಹಸಿರು ಆಮೆಗಳು, ಎರಡೂ ಬದಿಗೆ ಹವಳ. ಅಪರೂಪಕ್ಕೆ ಕಡಲಹಸು ಕೂಡ. ಆಮೆ ಉಸಿರಿಗೆ ಮೇಲೆ ಬರುವಾಗ ಅದರ ತಲೆಯ ಮೇಲೆ ತೇಲಬೇಡಿ, ಪಕ್ಕಕ್ಕೆ ಸರಿಯಿರಿ.

ಒಂದು ತಾಂತ್ರಿಕ ಸೂಚನೆ: ಅಲ್ಲಿ ಉಪ್ಪಿನಂಶ ಲೀಟರಿಗೆ 40 ಗ್ರಾಂ ಆಸುಪಾಸು, ಸಾಮಾನ್ಯ ಕಡಲಲ್ಲಿ 35. ತೇಲುವುದು ಸಲೀಸು, ಮುಳುಗುವುದು ಕಷ್ಟ. ಜನವರಿ-ಫೆಬ್ರವರಿಯಲ್ಲಿ ನೀರು 21-22 ಡಿಗ್ರಿಗೆ ಇಳಿಯುತ್ತದೆ. 3 ಮಿಲಿಮೀಟರ್ ದಪ್ಪದ ಈಜುಸೂಟ್ ಇಲ್ಲದೆ ಅರ್ಧ ಗಂಟೆಗೇ ಹಲ್ಲು ಕಟಕಟ.

ಅಂಬಿಗ

ಚಳಿಯ ಮಾತು ಬಂದಾಗ ಐಸ್‌ಲ್ಯಾಂಡಿನ ಸಿಲ್ಫ್ರಾ. ಎರಡು ಭೂಫಲಕಗಳ ನಡುವಿನ ಬಿರುಕು, ಲಾವಾ ಕಲ್ಲಿನಲ್ಲಿ ಸೋಸಿ ಬಂದ ಹಿಮನದಿಯ ನೀರು, 2-4 ಡಿಗ್ರಿ, ನೂರು ಮೀಟರ್ ದಾಟುವ ನೋಟ. ಮೀನು ನೋಡಲು ಹೋದವರಿಗೆ ಸಂಪೂರ್ಣ ನಿರಾಸೆ, ಏಕೆಂದರೆ ಅಲ್ಲಿ ಮೀನೇ ಕಾಣುವುದಿಲ್ಲ. ನೀರನ್ನೇ ನೋಡಲು ಹೋಗುವವರಿಗೆ ಅದಕ್ಕೆ ಸಾಟಿ ಇಲ್ಲ. ಡ್ರೈ ಸೂಟ್‌ನಲ್ಲಿ ಮೈ ಒಣಗಿರುತ್ತದೆ, ಆದರೆ ಕೈಗವಸು, ತಲೆಗವಸು ಒದ್ದೆಯ ಬಗೆಯವು. ಬೆರಳು ಆಡಿಸುತ್ತಾ ಹೋದಷ್ಟೂ ಒಳಗಿನ ಬೆಚ್ಚಗಿನ ನೀರು ಹೊರಹೋಗಿ ತಣ್ಣೀರು ನುಗ್ಗುತ್ತದೆ. ಕೈ ಕಟ್ಟಿ ಸುಮ್ಮನೆ ತೇಲಿ.

ಹೊಸಬ_ತೇಲು

ಇಷ್ಟೆಲ್ಲ ಜಾಗ ಸರಿ, ಮಾಸ್ಕ್‌ನೊಳಗೆ ಮಂಜು ಕಟ್ಟಿದರೆ ಯಾವ ಜಾಗವೂ ಒಂದೇ. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಒಳ್ಳೆಯದೇ?

ಸೀಸದಪಟ್ಟಿ

ಮಂಜಿಗೆ ಮೊದಲು. ಹೊಸ ಮಾಸ್ಕ್‌ನ ಗಾಜಿನ ಮೇಲೆ ಕಾರ್ಖಾನೆಯಿಂದಲೇ ಬಂದ ತೆಳು ಸಿಲಿಕೋನ್ ಪೊರೆ ಇರುತ್ತದೆ. ಅದು ಹೋಗುವವರೆಗೆ ಉಗುಳು, ದ್ರಾವಣ ಯಾವುದೂ ಕೆಲಸ ಮಾಡದು. ಬಿಳಿ ಟೂತ್‌ಪೇಸ್ಟ್ (ಜೆಲ್ ಅಲ್ಲ) ಹಚ್ಚಿ ಒಳಗಾಜನ್ನು ಎರಡು ನಿಮಿಷ ಬೆರಳಲ್ಲಿ ಉಜ್ಜಿ ತೊಳೆಯಿರಿ, ಮೂರು-ನಾಲ್ಕು ಸಲ. ಗಾಜಿನ ಮೇಲೆ ಲೇಪನವಿರುವ ಮಾಸ್ಕ್‌ಗೆ ಇದು ಬೇಡ, ಗೀರು ಬೀಳುತ್ತದೆ. ಆಮೇಲೆ ಪ್ರತಿ ಸಲ ಇಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ ಒಮ್ಮೆ ಮಾತ್ರ ಜಾಲಾಡಿಸಿ. ಮಾಸ್ಕ್ ಅನ್ನು ಹಣೆಯ ಮೇಲೆ ಏರಿಸಿ ಇಟ್ಟುಕೊಂಡರೆ ಬೆವರಿನ ಆವಿಗೆ ಮತ್ತೆ ಮಂಜು, ಕುತ್ತಿಗೆಗೆ ಇಳಿಸಿ.

ಸೋರಿಕೆಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲಗೆ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿ ನಿಂತರೆ ಆ ಮಾಸ್ಕ್ ನಿಮ್ಮದು. ಸೋರುತ್ತದೆಂದು ಪಟ್ಟಿ ಬಿಗಿಮಾಡಿದರೆ ಅಂಚು ಮಡಚಿ ಇನ್ನೂ ಸೋರುತ್ತದೆ. ಮೀಸೆಯವರು ಮೇಲ್ದುಟಿಗೆ ಸಿಲಿಕೋನ್ ಗ್ರೀಸ್ ಹಚ್ಚಲಿ.

ಪೂರ್ಣಮುಖದ್ದು ನನ್ನ ಮಟ್ಟಿಗೆ ಬೇಡ. ಒಳಗಿನ ತಡೆಗಳು ಸರಿಯಾಗಿ ಕೂರದಿದ್ದರೆ ಬಿಟ್ಟ ಉಸಿರೇ ಮತ್ತೆ ಒಳಗೆ ಹೋಗಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ತಲೆನೋವಿನಿಂದ ಶುರು. ಮೂಗು ಹಿಡಿಯಲಾಗದ್ದರಿಂದ ಎರಡು ಮೀಟರ್ ಮುಳುಗಿದರೂ ಕಿವಿ ನೋವು. ನೀರು ನುಗ್ಗಿದಾಗ ಸಾಮಾನ್ಯ ಸ್ನಾರ್ಕೆಲನ್ನು ಬಾಯಿಂದ ಉಗಿದು ಉಸಿರಾಡಬಹುದು, ಇದನ್ನು ಪೂರ್ತಿ ಕಳಚಬೇಕು. ಮಾಮೂಲಿ ಕೊಳವೆಯಲ್ಲೂ ಉದ್ದ 40 ಸೆಂಟಿಮೀಟರ್ ದಾಟಬಾರದು, ಅದಕ್ಕೂ ಇದೇ ಕಾರಣ: ಹಳೆಯ ಗಾಳಿ ಕೊಳವೆಯಲ್ಲೇ ಓಡಾಡುತ್ತದೆ.

ಉಬ್ಬರಇಳಿತ

ಸೆಳೆತ ಅಳೆಯಲು ಸುಲಭ ದಾರಿ: ಫಿನ್ ಆಡಿಸದೆ ತೇಲುತ್ತ ತಳದ ಒಂದು ಕಲ್ಲು ನೋಡಿ. ನಿಮ್ಮ ಮೈಯುದ್ದ ಸರಿಯಲು ಮೂರು ಸೆಕೆಂಡ್ ಸಾಕಾದರೆ ಅದು ಒಂದು ನಾಟ್‌ಗೂ (ಗಂಟೆಗೆ ಸುಮಾರು 1.85 ಕಿಮೀ) ಹೆಚ್ಚು, ಎದುರು ಈಜಿ ಗೆಲ್ಲಲಾಗದು. ಅಡ್ಡಡ್ಡಲಾಗಿ ದಡಕ್ಕೆ ಸರಿಯಿರಿ. ಉಬ್ಬರ-ಇಳಿತದ ಆರು ಗಂಟೆಗಳಲ್ಲಿ ಅರ್ಧದಷ್ಟು ನೀರು ಮೂರನೆಯ, ನಾಲ್ಕನೆಯ ಗಂಟೆಯಲ್ಲೇ ಹರಿಯುತ್ತದೆ. ದ್ವೀಪಗಳ ನಡುವಿನ ಜಲಸಂಧಿಗಳಲ್ಲಿ, ಉದಾಹರಣೆಗೆ ಇಂಡೋನೇಷ್ಯಾದ ಕೊಮೊಡೊ ಅಥವಾ ಗಿಲಿ ದ್ವೀಪಗಳಲ್ಲಿ, ಆ ಎರಡು ಗಂಟೆ ದಡದಲ್ಲೇ ಕಳೆಯಿರಿ.

ದಡದಿಂದ ಕಡಲಿಗೆ ಬೀಸುವ ಗಾಳಿ ಇನ್ನೊಂದು ಮೋಸಗಾರ. ನೀರು ಕನ್ನಡಿಯಂತೆ ಕಾಣುತ್ತದೆ, ನೂರು ಮೀಟರ್ ಆಚೆ ಹೋದಾಗಲೇ ಎಳೆತ ಗೊತ್ತಾಗುವುದು.

ಗಿಳಿಮೀನು

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಗ್ಗೆ ಕಹಿ ಮಾತು ಬೇಡವೆಂದು ತಡೆದುಕೊಂಡಿದ್ದೆ, ಆಗಲಿಲ್ಲ. ಹೆಸರು ಒಂದು, ಜಾಗ ಸಾವಿರಾರು. ಕೇರ್ನ್ಸ್‌ನಿಂದ ಹತ್ತಿರದ ದ್ವೀಪಗಳಿಗೆ ಹೋಗಿ ಕದಡಿದ ನೀರು ನೋಡಿ 'ಇಷ್ಟೇನಾ' ಅನ್ನುವವರೇ ಹೆಚ್ಚು. ಹೊರದಿಬ್ಬಕ್ಕೆ ದೋಣಿಯಲ್ಲಿ ಸಾಮಾನ್ಯವಾಗಿ ಒಂದೂವರೆ ಗಂಟೆ ಬೇಕು. ಹೋದ ಮೇಲೂ ತೇಲುಕಟ್ಟೆಯ ಸುತ್ತ ಹಗ್ಗ ಕಟ್ಟಿದ ತುಂಡು ಜಾಗವೇ ಸಿಕ್ಕರೆ ಅರ್ಧ ದಿನ ವ್ಯರ್ಥ. ಮೂರು ಬೇರೆ ಬೇರೆ ಕಡೆ ನಿಲ್ಲುವ ಚಿಕ್ಕ ದೋಣಿ ಮೇಲು. ನವೆಂಬರ್‌ನಿಂದ ಮೇವರೆಗೆ ವಿಷದ ಜೆಲ್ಲಿಮೀನಿನ ಕಾಲ, ಮೈ ತುಂಬ ಲೈಕ್ರಾ ಸೂಟ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ದಕ್ಷಿಣ ತುದಿಯ ಲೇಡಿ ಎಲಿಯಟ್ ದ್ವೀಪ ಮಾತ್ರ ಬೇರೆಯೇ ಲೋಕ. ಲಗೂನ್‌ಗೆ ಇಳಿಯುವುದು ಉಬ್ಬರದಲ್ಲಿ ಮಾತ್ರ, ಇಳಿತದಲ್ಲಿ ಅದು ಪಾದದ ನೀರು.

ಹವಳಗಣ್ಣು

ಬಿಳುಚುವಿಕೆಯ ವಿಷಯದಲ್ಲಿ ಹೊರಡುವ ಮುಂಚೆ ನೋಡಬೇಕಾದ ಒಂದು ನಕ್ಷೆ ಇದೆ: ಅಮೆರಿಕದ ನೋವಾ ಸಂಸ್ಥೆಯ ಕೋರಲ್ ರೀಫ್ ವಾಚ್. 'ಡಿಗ್ರಿ ಹೀಟಿಂಗ್ ವೀಕ್' ಎಂಬ ಅಂಕೆ 4 ದಾಟಿದರೆ ಗಣನೀಯ ಬಿಳುಚುವಿಕೆ, 8 ದಾಟಿದರೆ ಸಾವು ಶುರು. ಇವತ್ತಿನ ಅಂಕೆ ಮಾತ್ರವಲ್ಲ, ಹಿಂದಿನ ಎರಡು ಬೇಸಿಗೆಗಳದ್ದನ್ನೂ ತೆಗೆದು ನೋಡಿ. ನಾಲ್ಕನೆಯ ಜಾಗತಿಕ ಬಿಳುಚುವಿಕೆಯನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು, ಅದಕ್ಕೂ ಹಳೆಯ ಹೊಗಳಿಕೆಗಳನ್ನು ಅರ್ಧಕ್ಕೆ ಇಳಿಸಿಯೇ ಓದಬೇಕು.

ನೀರಿನಲ್ಲಿ ಗುರುತು: ಹೊಳೆಯುವ ಬಿಳಿ ಹವಳ ಇನ್ನೂ ಜೀವಂತ, ಹಸಿದಿದೆ ಅಷ್ಟೆ. ಕಂದು ತುಪ್ಪಳದಂಥ ಪಾಚಿ ಹತ್ತಿದ್ದು ಸತ್ತದ್ದು.

ನೀಲಿಗೆರೆ

ಕೆರಿಬಿಯನ್‌ನಲ್ಲಿ ಬೊನೇರ್. ರಸ್ತೆ ಪಕ್ಕದ ಹಳದಿ ಕಲ್ಲುಗಳ ಮೇಲೆ ಇಳಿಯುವ ಜಾಗದ ಹೆಸರಿದೆ. ಕೈಗವಸಿಗೆ ನಿಷೇಧ, ಅದಿದ್ದರೆ ಜನ ಹವಳ ಹಿಡಿಯುತ್ತಾರೆ ಅಂತ. ಎದುರಿನ ಕ್ಲೈನ್ ಬೊನೇರ್‌ಗೆ ದೋಣಿಯಲ್ಲಿ ಹೋಗಿ ಸೆಳೆತದ ಜೊತೆ ತೇಲಿ ಬರುವುದು ದ್ವೀಪದಲ್ಲೇ ಉತ್ತಮ ಗಂಟೆ. 2023ರಿಂದ ಅಲ್ಲಿ ಗಟ್ಟಿಹವಳಕ್ಕೆ ಅಂಗಾಂಶ ಕರಗುವ ರೋಗ ಹಬ್ಬಿದೆ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಮಾಸ್ಕ್, ಫಿನ್ ಸೋಂಕುನಿವಾರಕದಲ್ಲಿ ತೊಳೆಯಿರಿ.

ಹೊಸಬ_ತೇಲು

ಈಜು ಅಷ್ಟಕ್ಕಷ್ಟೆ, ಒಂದೇ ವಾರ, ಅಕ್ಟೋಬರ್. ಎಲ್ಲಿ?

ಹವಳಗಣ್ಣು

ಈಜಿಪ್ಟ್‌ನ ಮರ್ಸಾ ಆಲಂ ಕಡೆಯ ಮರಳಿನ ಕೊಲ್ಲಿಗಳು. ಅಕ್ಟೋಬರ್‌ನಲ್ಲಿ ನೀರು 27 ಡಿಗ್ರಿ ಆಸುಪಾಸು, ತೆಳು ಅಂಗಿ ಸಾಕು. ಗಾಳಿ ಊದುವ ಜಾಕೆಟ್ ಹಾಕಿ, ಅರ್ಧ ಊದಿರಲಿ. ಪೂರ್ತಿ ಊದಿದರೆ ಎದೆ ಮೇಲೆದ್ದು ಕಾಲು ಮುಳುಗಿ ಹವಳಕ್ಕೆ ತಾಗುತ್ತದೆ. ಗಾಳಿ 12 ನಾಟ್ ದಾಟಿದ ದಿನ ಕೊಲ್ಲಿಯ ಬಾಯಿಗೆ ಹೋಗಬೇಡಿ, ಉತ್ತರದ ತೋಳಿನ ಮರೆಯಲ್ಲೇ ಇರಿ.

ಉಬ್ಬರಇಳಿತ

ಇನ್ನೊಂದು: ಉಬ್ಬರದ ಪಟ್ಟಿಯಲ್ಲಿ ಬರೆದಿರುವುದು ಅಲ್ಲಿನ ಸಮಯವೋ ಗ್ರೀನಿಚ್ ಸಮಯವೋ ನೋಡಿಕೊಳ್ಳಿ. ಈಜಿಪ್ಟ್‌ನಲ್ಲಿ ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ.